ನತ್ತಿಂಗ ಮರ ಬಿಟ್ಟು ರಸ್ತೆಗಿಳಿದದ್ದು

ಲೋಕ ಎಲ್ಲ ಕಡೆಯೂ ಒಂದೇ ದಿನ ಹೊಸದಾಗಲಿಲ್ಲ. ಸಮುದ್ರಕ್ಕೆ ಅದರ ಹೊಸ ದಿನ ಬೇರೆ, ಬೆಟ್ಟಕ್ಕೆ ಅದರದು ಬೇರೆ. ಈ ಕಥೆಯ ಕಾಡಿಗೆ ಲೋಕ ಹೊಸದಾದದ್ದು, ಅದರ ನಡುವೆ ಮೊದಲ ರಸ್ತೆ ಬಿದ್ದ ದಿನ.

ಅದಕ್ಕೆ ಮುಂಚೆ ಅಲ್ಲಿ ಆನೆ ನಡೆದ ಜಾಡಿತ್ತು, ಜಿಂಕೆ ನಡೆದ ಜಾಡಿತ್ತು, ಮಳೆನೀರು ಇಳಿದ ಜಾಡಿತ್ತು. ಮನುಷ್ಯರೂ ಅವುಗಳಲ್ಲೇ ಹಿಂದೆ ಮುಂದೆ ನೋಡಿಕೊಂಡು ನಡೆಯುತ್ತಿದ್ದರು. ಆಗ ಎಲ್ಲರಿಗೂ ಎಲ್ಲರ ಮಾತು ತಿಳಿಯುತ್ತಿತ್ತು. ಗಾಳಿ ಕೇಳಿದರೆ ಹಳ್ಳ ಉತ್ತರ ಕೊಡುತ್ತಿತ್ತು. ಹಳ್ಳ ಕೇಳಿದರೆ ಹುಲಿ ಉತ್ತರ ಕೊಡುತ್ತಿತ್ತು, ಮನಸ್ಸಿದ್ದರೆ.

ಆ ಕಾಡಿನಲ್ಲಿ ನತ್ತಿಂಗ ಎಂಬ ಹಕ್ಕಿ ಇತ್ತು. ಆಗ ಅದರ ರೂಪವೇ ಬೇರೆ. ಮೈಯೆಲ್ಲ ಮಾವಿನ ಚಿಗುರಿನ ಬಣ್ಣ. ಕಣ್ಣು ಕರ್ರಗೆ. ಮತ್ತಿ ಮರದ ತುತ್ತತುದಿಯಲ್ಲಿ ಗೂಡು. ಸಂಜೆ ಅದು ಹಾಡತೊಡಗಿದರೆ ಜಿಂಕೆಗಳು ಮೇಯುವುದನ್ನು ಬಿಟ್ಟು ಕಿವಿ ಎತ್ತುತ್ತಿದ್ದವು. ಕತ್ತಲು ಇಳಿಯುವ ಹೊತ್ತಿನಲ್ಲಿ ಅದರಷ್ಟು ದೂರ ಕಾಣುವ ಕಣ್ಣು ಕಾಡಿನಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅದರಷ್ಟು ದೊಡ್ಡ ಬಾಯಿಯೂ ಬೇರೆ ಯಾವ ಹಕ್ಕಿಗೂ ಇರಲಿಲ್ಲ.

ಅದೇ ಕಾಡಿನಲ್ಲಿ ಜಡೆಮ್ಮ ಎಂಬವಳಿದ್ದಳು. ಬೆಟ್ಟದ ಜನ ತಮ್ಮ ಗುಡಿಸಲುಗಳ ಗುಂಪಿಗೆ ಪೋಡು ಎನ್ನುತ್ತಾರೆ. ಕೆಳಗೊಂದು ಪೋಡು, ಬೆಟ್ಟದ ನೆತ್ತಿಯ ಹತ್ತಿರ ಇನ್ನೊಂದು. ಎರಡಕ್ಕೂ ಜಡೆಮ್ಮನೇ ಸೂಲಗಿತ್ತಿ. ಅಲ್ಲಿ ಹುಟ್ಟಿದ ಮಕ್ಕಳನ್ನು ಮೊದಲು ಮುಟ್ಟುತ್ತಿದ್ದದ್ದು ಅವಳ ಕೈ.

ಅವಳಿಗೊಬ್ಬ ತಮ್ಮ, ಬೇದ. ಅವನ ಹೆರಿಗೆಯಲ್ಲೇ ಅವರವ್ವ ತೀರಿಕೊಂಡಿದ್ದಳು. ಜಡೆಮ್ಮ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದಳು. ತಾನು ಮದುವೆಯಾಗದೆ ಉಳಿದದ್ದು ಯಾಕೆಂದು ಯಾರಾದರೂ ಕೇಳಿದರೆ, "ನನಗೆ ಆಗಲೇ ಒಬ್ಬ ಮಗ ಇದ್ದಾನಲ್ಲ" ಎನ್ನುತ್ತಿದ್ದಳು.

ರಸ್ತೆ ಬಿತ್ತು. ಕೆಂಪು ಮಣ್ಣು, ಮೇಲೆ ಸಣ್ಣ ಜಲ್ಲಿ. ಅದರ ಹಿಂದೆಯೇ ಬೇದ ಪಟ್ಟಣದಿಂದ ಒಂದು ಹಳೇ ಬೈಕು ತಂದ. ಆ ಬೆಟ್ಟ ಕಂಡ ಮೊದಲ ಬೈಕು ಅದು.

"ಇನ್ನು ನೀನು ಮೇಲಿನ ಪೋಡಿಗೆ ನಡೆದು ಹೋಗೋದು ಬೇಡಕ್ಕ. ಜ್ವರ ಬಂದ ಮಕ್ಕಳನ್ನ ಹೊತ್ತು ಇಳಿಸೋದೂ ಬೇಡ. ನಾನಿದ್ದೀನಿ," ಎಂದ.

"ಇದು ಯಾಕೋ ಹಿಂಗೆ ಗುಡುಗುತ್ತೆ? ಕಾಡು ಹೆದರಿಕೊಳ್ಳುತ್ತೆ ಕಣೋ," ಎಂದಳು ಜಡೆಮ್ಮ. ಆದರೂ ಹಿಂದೆ ಹತ್ತಿ ಕೂತಳು.

ಕಾಡು ಹೆದರಿಕೊಂಡಿತು. ಜಿಂಕೆಗಳು ಚೆಲ್ಲಾಪಿಲ್ಲಿಯಾದವು. ಕರಡಿ ಹುತ್ತ ಬಿಟ್ಟು ಓಡಿತು. ಆನೆ ಮಾತ್ರ ಓಡಲಿಲ್ಲ. ಹೆಣ್ಣಾನೆಯೊಂದು ಬಂದು ರಸ್ತೆಗೆ ಅಡ್ಡ ನಿಂತಿತು. ಬೇದ ಬೈಕು ನಿಲ್ಲಿಸಿದ. ಆನೆ ಸೊಂಡಿಲು ಚಾಚಿ ಬಿಸಿ ಇಂಜಿನ್ನನ್ನು ಮೂಸಿ, ಸರಕ್ಕನೆ ಹಿಂದಕ್ಕೆಳೆದುಕೊಂಡಿತು.

"ನಿಮ್ಮ ರಸ್ತೆ ನನ್ನ ಜಾಡನ್ನ ಕಡಿದುಕೊಂಡು ಹೋಗಿದೆ," ಎಂದಿತು ಆನೆ. "ಈ ಜಾಡು ನನ್ನಜ್ಜಿ ತುಳಿದದ್ದು. ನಾನು ಬಿಡಲಾರೆ."

"ನಾನು ರಸ್ತೆ ಬಿಡಲಾರೆ, ಆನೆಯವ್ವ. ಮೇಲೆ ಬಸುರಿಯರು ಇರ್ತಾರೆ, ಕಾಯಿಲೆಯವರು ಇರ್ತಾರೆ," ಎಂದ ಬೇದ.

"ಹಾಗಾದರೆ ಒಂದು ಮಾತಾಗಲಿ. ನೀನು ಬರುವಾಗ ನಮಗೆ ಗೊತ್ತಾಗುತ್ತೆ. ನಿನ್ನ ಸದ್ದು ಆಚೆ ಬೆಟ್ಟಕ್ಕೂ ಕೇಳುತ್ತೆ. ನಾವು ದಾಟುವಾಗ ನಿನಗೆ ಯಾರು ಹೇಳಬೇಕು?"

ಆಗ ಮತ್ತಿ ಮರದ ತುದಿಯಿಂದ ನತ್ತಿಂಗ ಕೂಗಿ ಹೇಳಿತು: "ನಾನು ಹೇಳುತ್ತೇನೆ! ನನ್ನ ಕಣ್ಣಿಗೆ ಏನು ತಪ್ಪುತ್ತೆ? ಬೈಕಿನ ಮುಂದೆ ಹಾರುತ್ತೇನೆ. ಯಾರಾದರೂ ದಾಟುತ್ತಿದ್ದರೆ ಕೂಗುತ್ತೇನೆ. ಕೂಗದಿದ್ದರೆ ದಾರಿ ಖಾಲಿ ಎಂದು ತಿಳಿಯಿರಿ."

ಆನೆ ತಲೆ ಎತ್ತಿ ಹಕ್ಕಿಯನ್ನು ನೋಡಿತು. "ಒಪ್ಪಿಕೊಂಡೆಯಾ?"

"ಒಪ್ಪಿಕೊಂಡೆ."

ಹಾಗೆ ಮಾತಾಯಿತು. ಗಾಳಿ ಕೇಳಿಸಿಕೊಂಡಿತು, ಹಳ್ಳವೂ ಕೇಳಿಸಿಕೊಂಡಿತು.

ಆಮೇಲೆ ದಿನಗಳು ನೆಟ್ಟಗೆ ಸಾಗಿದವು. ಸಂಜೆ ಬೇದ ಬೈಕು ಹೊರಡಿಸುತ್ತಿದ್ದ. ನತ್ತಿಂಗ ಮುಂದೆ ಹಾರುತ್ತಿತ್ತು. "ಕಾಟಿ ಇದೆ, ನಿಲ್ಲು," ಎನ್ನುತ್ತಿತ್ತು. ಬೇದ ನಿಲ್ಲುತ್ತಿದ್ದ. ಕಾಡುಕೋಣಗಳ ಹಿಂಡು ದಾಟುತ್ತಿತ್ತು. ಬೇದ ಹೊರಡುತ್ತಿದ್ದ.

"ಕರಡಿ ಇದೆ, ನಿಲ್ಲು," ಎನ್ನುತ್ತಿತ್ತು. ಬೇದ ನಿಲ್ಲುತ್ತಿದ್ದ. ಕರಡಿ ದಾಟುತ್ತಿತ್ತು. ಬೇದ ಹೊರಡುತ್ತಿದ್ದ.

ಜ್ವರದ ಮಕ್ಕಳು ಹೊತ್ತಿಗೆ ಸರಿಯಾಗಿ ಬೆಟ್ಟ ಇಳಿದರು. ಬೆಟ್ಟದವರು ಹಕ್ಕಿಯನ್ನು ಹೊಗಳಿದರು.

ಆದರೆ ಬೈಕಿಗೊಂದು ದೀಪ ಇತ್ತಲ್ಲ. ಅಂಥ ಬೆಳಕನ್ನು ಆ ಕಾಡಿನ ಪತಂಗಗಳು ಹಿಂದೆಂದೂ ಕಂಡಿರಲಿಲ್ಲ. ಅವು ಪೊದೆಯಿಂದ, ಹುಲ್ಲಿನಿಂದ, ಎಲೆಯಡಿಯಿಂದ ಎದ್ದು ಬಂದು ದೀಪಕ್ಕೆ ಮುತ್ತಿಕೊಳ್ಳುತ್ತಿದ್ದವು. ಬೈಕು ಮುಂದಕ್ಕೆ ಹೋದಂತೆ ಹಿಂದೆ ಗಿರಗಿರ ಸುತ್ತುತ್ತ ಉಳಿಯುತ್ತಿದ್ದವು. ಒಂದು ಸಂಜೆ ನತ್ತಿಂಗ ಹಿಂತಿರುಗಿ ನೋಡಿತು. ಬಾಯಿ ತೆರೆದು ಆ ಗುಂಪಿನೊಳಗೆ ಹಾರಿತು. ಬಾಯಿ ತುಂಬ ಹುಳ.

"ಹಿಂದೆ ಯಾಕೆ ಹಾರುತ್ತೀಯೆ? ನಿನ್ನ ಜಾಗ ಮುಂದೆ," ಎಂದಿತು ಗಾಳಿ.

"ಒಂದೇ ತುತ್ತು. ಆಮೇಲೆ ಮುಂದೆ ಹೋಗುತ್ತೇನೆ," ಎಂದಿತು ನತ್ತಿಂಗ.

ಮರುದಿನವೂ ಒಂದೇ ತುತ್ತು ಎಂದಿತು. ಅದರ ಮರುದಿನವೂ ಹಾಗೇ ಎಂದಿತು. ಆ ದಿನಗಳಲ್ಲಿ ಯಾರೂ ರಸ್ತೆ ದಾಟಲಿಲ್ಲ. ಏನೂ ಆಗಲಿಲ್ಲ. ಏನೂ ಆಗದ್ದರಿಂದ ಹಕ್ಕಿಯ ಹೆದರಿಕೆ ಹೊರಟುಹೋಯಿತು.

ಮಾಗಿ ಮುಗಿಯುವ ಹೊತ್ತಿಗೆ ಆನೆ ಮರಿ ಹಾಕಿತು. ಒಂದು ಬೆಳಿಗ್ಗೆ ಅದು ಮತ್ತಿ ಮರದ ಕೆಳಗೆ ಬಂದು ಹಕ್ಕಿಗೆ ಹೇಳಿತು: "ಮರಿಯ ಕಾಲು ಇನ್ನೂ ಗಟ್ಟಿಯಾಗಿಲ್ಲ. ಇವತ್ತು ಸಂಜೆ ಬಿದಿರು ಮೆಳೆಯ ತಿರುವಿನಲ್ಲಿ ದಾಟುತ್ತೇವೆ. ನಿಧಾನ ಆಗುತ್ತೆ. ಅವರಿಗೆ ಹೇಳು."

"ಹೇಳುತ್ತೇನೆ," ಎಂದಿತು ನತ್ತಿಂಗ.

ಅದೇ ಸಂಜೆ, ಹೊತ್ತು ಮುಳುಗುತ್ತಿದ್ದಾಗ, ಗಾಳಿ ಓಡೋಡಿ ಕೆಳಗಿನ ಪೋಡಿಗೆ ಬಂತು. "ಜಡೆಮ್ಮಾ, ಮೇಲಿನ ಪೋಡಿನ ಬೊಮ್ಮಿಗೆ ನೋವು ಶುರುವಾಗಿದೆ. ಮಗು ಅಡ್ಡ ತಿರುಗಿದೆ ಅಂತ ಹೆಂಗಸರು ಅಳುತ್ತಿದ್ದಾರೆ. ಬೇಗ ಬಾ."

ಜಡೆಮ್ಮ ತನ್ನ ಗಂಟು ತೆಗೆದುಕೊಂಡಳು. ಬೇದ ಕಿಕ್ಕರ್ ತುಳಿದ. ಅಕ್ಕ ಹಿಂದೆ ಕೂತು ತಮ್ಮನ ಹೆಗಲು ಹಿಡಿದಳು. ಬೈಕು ಬೆಟ್ಟ ಹತ್ತಿತು. ರಸ್ತೆಯ ಎರಡೂ ಕಡೆ ಲಂಟಾನದ ಪೊದೆ, ಅದರ ಹಿಂದೆ ಕಪ್ಪಾಗುತ್ತಿದ್ದ ಮರಗಳು. ದೀಪಕ್ಕೆ ಪತಂಗಗಳು ಮುತ್ತಿಕೊಂಡವು.

"ನಿಧಾನ ಕಣೋ ಬೇದಾ."

"ಬೊಮ್ಮಿ ನಿಧಾನ ಅಂತಾಳಾ ಅಕ್ಕ?"

"ತಿರುವಿನಲ್ಲಿ ಏನಾದರೂ ಇದ್ದರೆ?"

"ಇದ್ದಿದ್ದರೆ ನತ್ತಿಂಗ ಕೂಗುತ್ತಿರಲಿಲ್ವಾ? ಸದ್ದೇ ಇಲ್ಲ ನೋಡು. ದಾರಿ ಖಾಲಿ."

ನಿಜ, ಸದ್ದೇ ಇರಲಿಲ್ಲ. ನತ್ತಿಂಗ ಅವರ ಬೆನ್ನ ಹಿಂದೆ ಬಾಯಿ ತೆರೆದುಕೊಂಡು ಹಾರುತ್ತಿತ್ತು. ಬಾಯಿ ತುಂಬಿತ್ತು.

ಬಿದಿರು ಮೆಳೆಯ ತಿರುವು ಬಂತು. ಬೆಳಕು ತಿರುಗಿತು. ಬೆಳಕಿನ ನಡುವೆ ಆನೆಮರಿ ನಿಂತಿತ್ತು.

ಬೇದ ಬ್ರೇಕು ಹಿಡಿದ. ಜಲ್ಲಿಯ ಮೇಲೆ ಚಕ್ರ ಜಾರಿತು. ಬೈಕು ಅಡ್ಡ ಬಿದ್ದು, ಉಜ್ಜಿಕೊಂಡು ಹೋಗಿ ಮರಿಯ ಮುಂಗಾಲಿಗೆ ಬಡಿಯಿತು. ಮರಿ ಕಿರುಚಿತು. ಜಡೆಮ್ಮ ಎಗರಿ ಲಂಟಾನದೊಳಗೆ ಬಿದ್ದಳು. ಮುಳ್ಳಿನ ನಡುವಿನಿಂದ ಅವಳು ಕಂಡದ್ದು ಇಷ್ಟು: ಬಿದಿರು ಎರಡಾಗಿ ಸೀಳಿತು, ದೊಡ್ಡದೊಂದು ಕತ್ತಲು ರಸ್ತೆಗೆ ಬಂತು, ಬೇದ ಕೈ ಎತ್ತಿ "ಆನೆಯವ್ವಾ" ಎಂದ. ಇನ್ನೊಂದು ಮಾತು ಅವನ ಬಾಯಿಂದ ಬರಲಿಲ್ಲ.

ಬೈಕು ಮಾತ್ರ ಮಗ್ಗುಲಾಗಿ ಬಿದ್ದಲ್ಲೇ ಓಡುತ್ತಿತ್ತು. ಚಕ್ಕು ಚಕ್ಕು ಚಕ್ಕು ಚಕ್ಕು. ದೀಪ ರಸ್ತೆಯ ಧೂಳಿನ ಮೇಲೆ ಉದ್ದಕ್ಕೆ ಬಿದ್ದಿತ್ತು. ಆ ಬೆಳಕಿನಲ್ಲಿ ಬೇದ ಮಲಗಿದ್ದ.

ಜಡೆಮ್ಮ ಮುಳ್ಳು ಬಿಡಿಸಿಕೊಂಡು ಹೊರಗೆ ಬಂದಳು. ತಮ್ಮನ ಹತ್ತಿರ ಕೂತು ಎದೆ ಮುಟ್ಟಿದಳು, ಮೂಗಿನ ಹತ್ತಿರ ಕೈ ಹಿಡಿದಳು. ಉಸಿರು ಇದೆಯೋ ಇಲ್ಲವೋ ಎಂದು ಅವಳ ಕೈಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆನೆ ರಸ್ತೆಯಂಚಿನಲ್ಲಿ ನಿಂತಿತ್ತು. ಮರಿ ಅದರ ಹೊಟ್ಟೆಯಡಿ ನಡುಗುತ್ತಿತ್ತು. ಮರಿಯ ಕಾಲಿನ ಚರ್ಮ ಸುಲಿದಿತ್ತು, ಮೂಳೆ ಮುರಿದಿರಲಿಲ್ಲ.

"ನನ್ನನ್ನೂ ತುಳಿದುಬಿಡು," ಎಂದಳು ಜಡೆಮ್ಮ.

"ನಾನು ಅವನನ್ನ ನೋಡಲಿಲ್ಲ," ಎಂದಿತು ಆನೆ. "ಮರಿಯ ಕೂಗು ಕೇಳಿತು. ಆಮೇಲೆ ಏನೂ ಕಾಣಲಿಲ್ಲ. ಯಾರು ಅಂತ ತಿಳಿಯುವ ಹೊತ್ತಿಗೆ ಮುಗಿದಿತ್ತು."

"ನಿಮ್ಮ ಮಾತು ಏನಾಯ್ತು? ಒಪ್ಪಂದ ಏನಾಯ್ತು?"

"ಹಕ್ಕಿಗೆ ಹೇಳಿದ್ದೆ. ಬೆಳಿಗ್ಗೆಯೇ ಹೇಳಿದ್ದೆ. ನಿಮಗೆ ತಲುಪಲಿಲ್ಲವೇ?"

ಜಡೆಮ್ಮ ತಲೆ ಎತ್ತಿದಳು. ನತ್ತಿಂಗ ಮೇಲೆ ಒಂದು ಕೊಂಬೆಯ ಮೇಲೆ ಕೂತಿತ್ತು. ಅದರ ಕೊಕ್ಕಿನಂಚಿನಲ್ಲಿ ಪತಂಗದ ರೆಕ್ಕೆಯೊಂದು ಇನ್ನೂ ಅಂಟಿಕೊಂಡಿತ್ತು.

ಗಾಳಿ ಮೆಲ್ಲಗೆ ಬಂತು. "ಜಡೆಮ್ಮಾ, ಬೊಮ್ಮಿ ನಿನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ."

"ಕೂಗಲಿ," ಎಂದಳು ಜಡೆಮ್ಮ.

ಗಾಳಿ ಪಕ್ಕದಲ್ಲೇ ನಿಂತಿತು. ಜಡೆಮ್ಮ ತಮ್ಮನ ಕೂದಲಿನಿಂದ ಮಣ್ಣು ಕೊಡವಿದಳು. ಅಂಗಿಯ ಗುಂಡಿ ಸರಿಮಾಡಿದಳು. ಅವನು ಹುಟ್ಟಿದ ದಿನ ಅವಳು ಚಿಕ್ಕ ಹುಡುಗಿ. ಒಳಗೆ ಅವ್ವ ಕೂಗುತ್ತಿದ್ದಳು, ಸೂಲಗಿತ್ತಿ ಬರುವುದು ತಡವಾಗಿತ್ತು. ಆ ಕೂಗು ನಿಂತುಹೋದ ಗಳಿಗೆ ಅವಳಿಗೆ ಚೆನ್ನಾಗಿ ನೆನಪಿತ್ತು.

ಅವಳು ಎದ್ದು ಪೊದೆಯಲ್ಲಿ ಹುಡುಕಿ ಗಂಟು ತೆಗೆದುಕೊಂಡಳು.

"ಇನ್ನೂ ದೂರ ಇದೆ. ಚಿರತೆ ಓಡಾಡುವ ಹೊತ್ತು," ಎಂದಿತು ಆನೆ. "ನಾನು ಮುಂದೆ ನಡೆಯುತ್ತೇನೆ."

"ನಿನ್ನ ಜೊತೆ ನಾನು ಬರೋದಿಲ್ಲ."

"ಜೊತೆ ಬರಬೇಡ. ನನ್ನ ಹಿಂದೆ ನಡೆ. ನನ್ನ ಮುಖ ನೋಡಬೇಡ."

ಆನೆ ಬಿದಿರಿನ ಕೊಂಬೆಗಳನ್ನು ಮುರಿದು ತಂದು ಬೇದನ ಮೇಲೆ ಹೊದಿಸಿತು, ನರಿ ಮುಟ್ಟದ ಹಾಗೆ. ಆಮೇಲೆ ಮರಿಯನ್ನು ಪಕ್ಕಕ್ಕೆ ಹಾಕಿಕೊಂಡು ಮುಂದೆ ನಡೆಯಿತು. ಜಡೆಮ್ಮ ಹಿಂದೆ ನಡೆದಳು. ಅವಳ ಬೆನ್ನ ಹಿಂದೆ ಬೈಕು ಇನ್ನೂ ಓಡುತ್ತಲೇ ಇತ್ತು. ಚಕ್ಕು ಚಕ್ಕು ಚಕ್ಕು. ದೂರವಾದಂತೆ ಸಣ್ಣದಾಯಿತು. ಆಮೇಲೆ ಕೇಳಿಸಲಿಲ್ಲ.

ಮೇಲಿನ ಪೋಡಿನ ಹೆಂಗಸರು ಅವಳ ಮೈಮೇಲಿನ ರಕ್ತ ನೋಡಿ ಹೌಹಾರಿದರು. "ಬೇದ ಎಲ್ಲಿ?" ಎಂದರು.

"ನೀರು ಕಾಯಿಸಿ," ಎಂದಳು ಜಡೆಮ್ಮ.

ಅವಳು ಬೊಮ್ಮಿಯ ಹೊಟ್ಟೆಯ ಮೇಲೆ ಕೈ ಇಟ್ಟು, ಅಡ್ಡ ತಿರುಗಿದ ಮಗುವನ್ನು ಸ್ವಲ್ಪ ಸ್ವಲ್ಪವೇ ನೇರ ಮಾಡಿದಳು. ಬೊಮ್ಮಿಗೆ ಹೆಣ್ಣು ಮಗು ಹುಟ್ಟಿತು. ಅತ್ತಿತು. ಜಡೆಮ್ಮ ಹೊಕ್ಕುಳ ಬಳ್ಳಿ ಕತ್ತರಿಸಿ, ಮಗುವನ್ನು ತಾಯಿಯ ಮಗ್ಗುಲಿಗೆ ಮಲಗಿಸಿ, ಕೈ ತೊಳೆದುಕೊಂಡಳು. ಆಮೇಲೆ ಬಾಗಿಲ ಹೊರಗೆ ಬಂದು, "ನನ್ನ ತಮ್ಮ ರಸ್ತೆಯಲ್ಲಿ ಸತ್ತು ಬಿದ್ದಿದ್ದಾನೆ. ಯಾರಾದರೂ ಬನ್ನಿ," ಎಂದಳು. ಹಾಗೆಂದು ಅಲ್ಲೇ ಕುಸಿದಳು.

ಬೆಳಕು ಹರಿಯುವ ಮುಂಚೆ ಗಂಡಸರು ಬಿದಿರಿನ ಚಟ್ಟ ಕಟ್ಟಿಕೊಂಡು ಇಳಿದರು. ಜಡೆಮ್ಮ ಅವರಿಗಿಂತ ಮುಂದೆ ನಡೆಯುತ್ತಿದ್ದಳು. ತಿರುವು ಹತ್ತಿರ ಬಂದಾಗ ಅವಳು ಥಟ್ಟನೆ ನಿಂತಳು.

ಚಕ್ಕು ಚಕ್ಕು ಚಕ್ಕು ಚಕ್ಕು.

ಬೈಕು ಓಡುತ್ತಿತ್ತು! ಬಿದ್ದ ಬೈಕು ರಾತ್ರಿಯಿಡೀ ಓಡೀತೇ? ಯಾರೋ ಎತ್ತಿ ನಿಲ್ಲಿಸಿದ್ದಾರೆ. ಇನ್ಯಾರು? ಅವನೇ. ಅವಳ ಕೈಗೆ ತಪ್ಪು ತಿಳಿದಿತ್ತು. ಉಸಿರು ಇತ್ತು, ಅವಳಿಗೆ ಸಿಕ್ಕಿರಲಿಲ್ಲ ಅಷ್ಟೆ. "ಬೇದಾ!" ಎಂದು ಕೂಗುತ್ತ ಅವಳು ಓಡಿದಳು. ಸೆರಗು ಮುಳ್ಳಿಗೆ ಸಿಕ್ಕಿ ಹರಿಯಿತು. ಓಡಿದಳು.

ಬೈಕು ಬಿದ್ದಲ್ಲೇ ಬಿದ್ದಿತ್ತು. ಇಂಜಿನ್ ತಣ್ಣಗಿತ್ತು. ದೀಪ ಆರಿತ್ತು. ಬಿದಿರಿನ ಹೊದಿಕೆಯ ಕೆಳಗೆ ಬೇದ ಹಾಗೆಯೇ ಇದ್ದ. ಅವನ ತಲೆಯ ಹತ್ತಿರ, ರಸ್ತೆಯ ಧೂಳಿನಲ್ಲಿ, ಹಕ್ಕಿಯೊಂದು ನೆಲಕ್ಕೆ ಮೈ ಅಂಟಿಸಿಕೊಂಡು ಕೂತಿತ್ತು. ಆ ಸದ್ದು ಅದರ ಗಂಟಲಿನಿಂದ ಬರುತ್ತಿತ್ತು.

ಅದು ನತ್ತಿಂಗ. ಆದರೆ ಗುರುತು ಸಿಗುವ ಹಾಗಿರಲಿಲ್ಲ. ಇಂಜಿನ್ ನಿಲ್ಲುವ ತನಕ ಅದು ಅಲ್ಲೇ ಕೂತು ಕೇಳಿತ್ತು. ಕೇಳಿ ಕೇಳಿ ತನ್ನ ಹಾಡು ಮರೆತುಹೋಗಿತ್ತು. ದೀಪ ಆರುವ ತನಕ ಅದನ್ನೇ ದಿಟ್ಟಿಸಿತ್ತು. ಆ ಬೆಳಕು ಕಣ್ಣೊಳಗೆ ಇಳಿದು ಕೆಂಡವಾಗಿತ್ತು. ಚಿಗುರಿನ ಬಣ್ಣದ ಮೈಗೆ ಧೂಳೂ ತರಗೆಲೆಯೂ ಹತ್ತಿಕೊಂಡು ರಸ್ತೆ ಯಾವುದು, ಹಕ್ಕಿ ಯಾವುದು ಎಂದು ತಿಳಿಯುತ್ತಿರಲಿಲ್ಲ.

ಜಡೆಮ್ಮ ಎರಡೂ ಕೈಯಲ್ಲಿ ಅದನ್ನು ಹಿಡಿದೆತ್ತಿದಳು. ಅದು ಬಿಡಿಸಿಕೊಳ್ಳಲು ನೋಡಲಿಲ್ಲ.

"ಕತ್ತು ಮುರಿದುಬಿಡು," ಎಂದಿತು.

ಚಟ್ಟ ಹೊತ್ತವರು ಬಂದು ಸುತ್ತ ನಿಂತರು. ಒಬ್ಬ ಮುದುಕ, "ಮುರಿ ತಾಯಿ, ಅದಕ್ಕೆ ಅದೇ ಸರಿ," ಎಂದ.

ಜಡೆಮ್ಮ ಬೆರಳು ಬಿಗಿ ಮಾಡಿದಳು. ಬೆರಳಡಿ ಅದರ ಎದೆ ಬಡಿಯುತ್ತಿತ್ತು. ಸಣ್ಣ ಎದೆ, ಆಗ ತಾನೇ ಹುಟ್ಟಿದ ಮಗುವಿನ ನೆತ್ತಿ ಬಡಿದುಕೊಳ್ಳುವ ಹಾಗೆ. ಅವಳ ಕೈಗೆ ಕೊಲ್ಲುವುದು ಗೊತ್ತಿರಲಿಲ್ಲ. ಅದಕ್ಕೆ ಅವಳಿಗೆ ಇನ್ನೂ ಸಿಟ್ಟು ಬಂತು.

"ಸತ್ತರೆ ನಿನಗೆ ಸುಖ," ಎಂದಳು. "ನೀನು ಸಾಯಬೇಡ. ಮರದ ಮೇಲೆ ಕೂತು ಮಾತು ಕೊಟ್ಟೆಯಲ್ಲ, ಇನ್ನು ಮರ ನಿನಗಿಲ್ಲ. ಇಲ್ಲೇ ಕೂತಿರು, ಅವನು ಬಿದ್ದಲ್ಲಿ, ಚಕ್ರ ಬರುವಲ್ಲಿ. ಚಕ್ರ ನಿನ್ನ ಮೈಗೆ ತಾಗುವಷ್ಟು ಹತ್ತಿರ ಬರೋ ತನಕ ಏಳಬೇಡ. ನೀನೂ, ನಿನ್ನ ಮಕ್ಕಳೂ, ಅವುಗಳ ಮಕ್ಕಳೂ. ನಿನ್ನನ್ನ ಕಂಡಾದರೂ ಬರುವವರು ಚಕ್ರ ನಿಧಾನ ಮಾಡಲಿ."

ಅವಳು ಹಕ್ಕಿಯನ್ನು ನೆಲಕ್ಕೆ ಬಿಟ್ಟಳು. ಅದು ಅಲ್ಲೇ ಕೂತಿತು.

ಬೇದನನ್ನು ಎತ್ತಿಕೊಂಡು ಹೋಗಿ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದರು. ಆನೆ ದೂರದಲ್ಲಿ ನಿಂತು ನೋಡಿತು. ಜಡೆಮ್ಮ ಅದರ ಕಡೆ ತಿರುಗಲಿಲ್ಲ. ಆ ದಿನದಿಂದ ಮನುಷ್ಯರಿಗೂ ಕಾಡಿನವರಿಗೂ ಮಾತು ನಿಂತುಹೋಯಿತು. ರಸ್ತೆಯಲ್ಲಿ ಎದುರಾದರೆ ಅವರು ಇವರನ್ನು ನೋಡುತ್ತಾರೆ, ಇವರು ಅವರನ್ನು ನೋಡುತ್ತಾರೆ. ಇಬ್ಬರ ಎದೆಯೂ ಬಡಿದುಕೊಳ್ಳುತ್ತದೆ. ಯಾರಿಗೂ ಮಾತು ಬರುವುದಿಲ್ಲ.

ವರ್ಷಗಳು ಹೋದವು. ರಸ್ತೆಯಲ್ಲಿ ಬೈಕುಗಳು ಹೆಚ್ಚಾದವು. ಬೊಮ್ಮಿಯ ಮಗಳು ಬೆಳೆದು ದೊಡ್ಡವಳಾದಳು. ಒಂದು ಬೆಳಿಗ್ಗೆ ಜಡೆಮ್ಮ ಕೋಲೂರಿಕೊಂಡು ಮೇಲಿನ ಪೋಡಿಗೆ ನಡೆಯುತ್ತಿದ್ದಾಗ, ಬರೀ ಜಲ್ಲಿಯ ಮೇಲೆ ಇಟ್ಟಿದ್ದ ನತ್ತಿಂಗದ ಮೊಟ್ಟೆಗಳು ಚಕ್ರಕ್ಕೆ ಸಿಕ್ಕಿ ಒಡೆದದ್ದನ್ನು ಕಂಡಳು. ಪಕ್ಕದಲ್ಲಿ ಚಪ್ಪಟೆಯಾದ ಒಂದು ರೆಕ್ಕೆ. ಅದರ ಪಕ್ಕ ಜೋಡಿ ಹಕ್ಕಿ ಒಂಟಿಯಾಗಿ ಕೂತಿತ್ತು.

ಜಡೆಮ್ಮ ಬಹಳ ಹೊತ್ತು ನಿಂತಳು. ಆಮೇಲೆ ಮೊಣಕಾಲೂರಿ ಕೂತಳು.

"ಸಾಕು. ನಾನು ಸಂಕಟಕ್ಕೆ ಅಂದದ್ದು. ನಿನ್ನ ಮರಿಗಳು ಏನು ಮಾಡಿದ್ದವು? ಮರ ಹತ್ತು. ಹೋಗು," ಎಂದು ಮರದ ಕಡೆ ಕೈ ತೋರಿದಳು.

ಹಕ್ಕಿ ಎದ್ದು ಹಾರಿ ಪಕ್ಕದ ಮತ್ತಿ ಮರದ ಕೊಂಬೆಗೆ ಹೋಯಿತು. ಕೊಂಬೆ ಹಿಡಿಯಲು ನೋಡಿತು. ಅದರ ಕಾಲು ಸಣ್ಣಗೆ, ಬಲವಿಲ್ಲದೆ ಕುಗ್ಗಿಹೋಗಿತ್ತು. ಬೆರಳಿಗೆ ಕೊಂಬೆಯ ಹಿಡಿತ ಮರೆತಿತ್ತು. ತೂರಾಡಿ, ಕೊಂಬೆಯುದ್ದಕ್ಕೆ ಮೈ ಚೆಲ್ಲಿ ಸ್ವಲ್ಪ ಹೊತ್ತು ಬಿದ್ದುಕೊಂಡಿತು. ಆಮೇಲೆ ಇಳಿದು ಬಂದು ರಸ್ತೆಯಲ್ಲೇ ಕೂತಿತು.

ಲೋಕ ಹೊಸದಾಗಿದ್ದಾಗ ಆಡಿದ ಮಾತು ಹಸಿ ಗಾರೆಯ ಮೇಲೆ ಇಟ್ಟ ಹೆಜ್ಜೆಯ ಹಾಗೆ. ಒಣಗಿದ ಮೇಲೆ ಇಟ್ಟವರಿಗೂ ಅಳಿಸಲಾಗುವುದಿಲ್ಲ.

ಜಡೆಮ್ಮ ಹಕ್ಕಿಯ ಪಕ್ಕ ಧೂಳಿನಲ್ಲೇ ಕೂತಳು. ಆ ಬೆಳಿಗ್ಗೆ ಬಂದ ಬೈಕಿನವರೆಲ್ಲ, ರಸ್ತೆಯ ನಡುವೆ ಕೂತ ಮುದುಕಿಯನ್ನು ಕಂಡು ಬೈಯುತ್ತ, ನಿಧಾನ ಮಾಡಿ ಬಳಸಿಕೊಂಡು ಹೋದರು.

ಕತ್ತಲಾಗುವ ಹೊತ್ತಿನಲ್ಲಿ ನೀವು ಅಪ್ಪನ ಬೈಕಿನ ಹಿಂದೆ ಕೂತು ಕಾಡಿನ ರಸ್ತೆಯಲ್ಲಿ ಹೋಗುವಾಗ, ದೀಪದ ಬೆಳಕಿಗೆ ನೆಲದ ಮೇಲೆ ಎರಡು ಕೆಂಡ ಹೊಳೆಯುವುದೂ, ಇನ್ನೇನು ಚಕ್ರಕ್ಕೆ ಸಿಕ್ಕಿತು ಅನ್ನುವಾಗ ಧೂಳಿನ ಬಣ್ಣದ ಹಕ್ಕಿಯೊಂದು ಸದ್ದಿಲ್ಲದೆ ಎದ್ದು ಹಾರುವುದೂ, ಅಪ್ಪನ ಕೈ ತಾನಾಗಿಯೇ ಬ್ರೇಕಿಗೆ ಹೋಗುವುದೂ ಇದರಿಂದಲೇ.